ಬೋರ್ಡ್ ಹಾಕಿ ಕಥೆ ಬಡಿಸಿದವನು: ‘ಟಾಮ್ ಜೋನ್ಸ್’ ಓದಿದ ಮೆಸ್ಸಿನವನ ರಿವ್ಯೂ

ಹೋದ ತಿಂಗಳು ನನ್ನ ಮೆಸ್‌ಗೆ ಯಾರೋ ಎರಡು ಸ್ಟಾರ್ ಕೊಟ್ಟು ಹೋಗಿದ್ದಾರೆ. "ಊಟ ಪರವಾಗಿಲ್ಲ, ಆದರೆ ಓನರ್ ಗಲ್ಲಾದಲ್ಲಿ ದಪ್ಪ ಪುಸ್ತಕ ಹಿಡಿದು ಕೂತಿರುತ್ತಾರೆ, ಮೂರು ಸಲ ಕೂಗಿದ ಮೇಲೆ ಸಾರು ಬಂತು" ಅಂತ ಬರೆದಿದ್ದಾರೆ. ನಿಜ, ಸುಳ್ಳಲ್ಲ. ಆ ದಪ್ಪ ಪುಸ್ತಕ ಇದೇ. ನನಗೆ ರಿವ್ಯೂ ಬಿದ್ದ ಮೇಲೆ ಅದಕ್ಕೂ ಒಂದು ಬೀಳಲಿ ಅಂತ ಕೂತಿದ್ದೇನೆ.

ಹಾಸನದಲ್ಲಿ ಬಿ.ಎಂ. ರೋಡಿನಿಂದ ಸ್ವಲ್ಪ ಒಳಗೆ ನಂದೊಂದು ಮೆಸ್. ಎಂಟೇ ಟೇಬಲ್ಲು. ಮಧ್ಯಾಹ್ನ ಮುದ್ದೆ ಊಟ, ಬಸ್ಸಾರೋ ಉಪ್ಸಾರೋ ಒಂದು, ಭಾನುವಾರ ಕಡುಬು ಮತ್ತು ನಾಟಿಕೋಳಿ ಸಾರು. ನಾನೂ ಒಂದು ಕಾಲದಲ್ಲಿ ಬಿ.ಎ. ಮಾಡಿದವನೇ, ಇಂಗ್ಲಿಷ್ ಓದಲು ಬರುತ್ತೆ, ನಿಧಾನ ಅಷ್ಟೇ. ಮಗಳು ಎಂ.ಎ. ಇಂಗ್ಲಿಷ್ ಮಾಡುತ್ತಿದ್ದಾಳೆ. ಒಂದು ದಿನ ಫೋನ್ ಮಾಡಿ, "ಅಪ್ಪಾ, ನಮಗೆ ಪಾಠಕ್ಕೆ ಒಂದು ಕಾದಂಬರಿ ಇದೆ, ಇನ್ನೂರೈವತ್ತು ವರ್ಷಕ್ಕಿಂತ ಹಳೇದು, ಮೊದಲನೇ ಅಧ್ಯಾಯ ಪೂರ್ತಿ ಹೋಟೆಲ್ ವಿಷಯ. ನೀನು ಓದಲೇಬೇಕು" ಅಂದಳು. ಹೋಟೆಲ್ ಅಂದಿದ್ದಕ್ಕೆ ಬಿದ್ದೆ.

ಮೊದಲು ಪ್ರಾಡಕ್ಟ್ ವಿಷಯ ಮುಗಿಸಿಬಿಡೋಣ. ಹಳೇ ಪ್ರತಿ, ಆನ್‌ಲೈನ್‌ನಲ್ಲಿ 350 ರೂಪಾಯಿ. ಹೆನ್ರಿ ಫೀಲ್ಡಿಂಗ್ ಬರೆದ ‘ಟಾಮ್ ಜೋನ್ಸ್’, 900 ಪುಟದ ಹತ್ತಿರ. ಕೊರಿಯರ್‌ನವರು ಮೆಸ್‌ಗೆ ತರುವ ಬದಲು ಎದುರು ಸಾಲಿನ ಟೈಲರ್ ಅಂಗಡಿಯಲ್ಲಿ ಇಟ್ಟು, ‘ತಲುಪಿದೆ’ ಅಂತ ಮೆಸೇಜ್ ಹಾಕಿ ಹೋಗಿದ್ದರು. ಟೈಲರ್ ಊರಲ್ಲಿ ಇರಲಿಲ್ಲ. ನಾಲ್ಕು ದಿನ ಹುಡುಕಾಡಿದೆ. ಅಕ್ಷರ ಸಾಸಿವೆ ಕಾಳಿನಷ್ಟು ಸಣ್ಣದು, ಕನ್ನಡಕ ಹಾಕಿದರೂ ಟ್ಯೂಬ್‌ಲೈಟ್ ಕೆಳಗೇ ಕೂರಬೇಕು. ಬೈಂಡಿಂಗ್ ಅಂತೂ ಕೇಳಬೇಡಿ, ಅರ್ಧ ದಾಟುವುದರೊಳಗೆ ಹಾಳೆಗಳು ಕೋಸಿನ ಎಲೆ ಬಿಡಿಸಿದ ಹಾಗೆ ಒಂದೊಂದಾಗಿ ಕೈಗೆ ಬಂದವು. ಈಗ ಅದಕ್ಕೆ ಬಿಲ್ ಪುಸ್ತಕ ಕಟ್ಟುವ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ. ಪ್ರತಿಗೆ ಒಂದೇ ಸ್ಟಾರ್. ಒಳಗಿನ ಸರಕಿನ ಮಾತೇ ಬೇರೆ.

ಆ ಮೊದಲನೇ ಅಧ್ಯಾಯ ಹೇಳಲೇಬೇಕು. ಫೀಲ್ಡಿಂಗ್ ಶುರುವಿನಲ್ಲೇ ಒಂದು ಮಾತು ಹೇಳುತ್ತಾನೆ. ಬರಹಗಾರ ಅಂದರೆ ಮನೆಗೆ ಕರೆದು ಪುಕ್ಕಟೆ ಊಟ ಹಾಕುವ ಯಜಮಾನ ಅಲ್ಲ, ದುಡ್ಡು ಕೊಟ್ಟ ಯಾರು ಬೇಕಾದರೂ ಬಂದು ಕೂರಬಹುದಾದ ಊಟದ ಹೋಟೆಲ್ ಇಟ್ಟವನು. ಮನೆ ಊಟಕ್ಕೆ ಹೋದವರು ಉಪ್ಪಿಲ್ಲದಿದ್ದರೂ ಚೆನ್ನಾಗಿದೆ ಅಂತ ತಿನ್ನಬೇಕು, ಮರ್ಯಾದೆ ಪ್ರಶ್ನೆ. ಹೋಟೆಲಿನಲ್ಲಿ ಹಾಗಿಲ್ಲ. ದುಡ್ಡು ಕೊಟ್ಟವನು ಬೈಯುತ್ತಾನೆ, ಅದು ಅವನ ಹಕ್ಕು. ಅದಕ್ಕೇ ನಿಯತ್ತಿನ ಹೋಟೆಲಿನವನು ಏನೇನಿದೆ ಅಂತ ಬಾಗಿಲಲ್ಲೇ ಬೋರ್ಡ್ ಹಾಕಿರುತ್ತಾನೆ, ಇಷ್ಟ ಇದ್ದವರು ಕೂರಲಿ, ಇಲ್ಲದವರು ಪಕ್ಕದ ಹೋಟೆಲಿಗೆ ಹೋಗಲಿ ಅಂತ. ನಾನೂ ಹಾಗೇ ಮಾಡುತ್ತೇನೆ ಅಂತ ಹೇಳಿ ಅವನು ಬೋರ್ಡ್ ಹಾಕುತ್ತಾನೆ. ಬೋರ್ಡಿನಲ್ಲಿ ಇರುವುದು ಒಂದೇ ಐಟಂ: ಮನುಷ್ಯ ಸ್ವಭಾವ.

ಇದನ್ನು ಓದಿದ ದಿನ ನಾನು ನಮ್ಮ ಬಾಗಿಲಲ್ಲಿರುವ ಕಪ್ಪು ಹಲಗೆ ನೋಡಿದೆ. ‘ಇಂದಿನ ವಿಶೇಷ’ ಅಂತ ಪೇಂಟಲ್ಲಿ ಬರೆಸಿದ್ದು, ಕೆಳಗೆ ಸೀಮೆಸುಣ್ಣದಲ್ಲಿ ಹುರುಳಿಕಾಳು ಬಸ್ಸಾರು. ಇಷ್ಟು ವರ್ಷ ಬರೆದು ಅಳಿಸಿದ್ದೇನೆ, ಅದರಲ್ಲಿ ಇಷ್ಟೊಂದು ಅರ್ಥ ಇದೆ ಅಂತ ಗೊತ್ತಿರಲಿಲ್ಲ.

ಒಂದೇ ಐಟಂನಾ ಅಂತ ಗಿರಾಕಿ ಕೇಳುತ್ತಾನಲ್ಲ, ಅದಕ್ಕೂ ಉತ್ತರ ರೆಡಿ ಇಟ್ಟಿದ್ದಾನೆ. ಒಂದೇ ಪ್ರಾಣಿಯ ಮಾಂಸ ದೊಡ್ಡ ಜಮೀನ್ದಾರನ ಟೇಬಲ್ ಮೇಲೂ ಇರುತ್ತದೆ, ಬೀದಿ ಬದಿ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ. ವ್ಯತ್ಯಾಸ ಇರುವುದು ಮಸಾಲೆಯಲ್ಲಿ, ಬೇಯಿಸಿದ್ದರಲ್ಲಿ, ಬಡಿಸಿದ್ದರಲ್ಲಿ. ನಮ್ಮಲ್ಲಿ ರಾಗಿಯ ಕಥೆಯೂ ಅದೇ ಅಲ್ವಾ. ನಾನು ಕೈತುಂಬ ಮುದ್ದೆ ಕಟ್ಟಿ ತಟ್ಟೆಗೆ ಹಾಕುತ್ತೇನೆ. ಘಟ್ಟದ ಕಡೆ ರೆಸಾರ್ಟುಗಳಲ್ಲಿ ಅದನ್ನೇ ನಿಂಬೆಹಣ್ಣಿನಷ್ಟು ಮಾಡಿ, ಮೇಲೊಂದು ಕೊತ್ತಂಬರಿ ಎಸಳು ಇಟ್ಟು, ನನ್ನ ನಾಲ್ಕು ಊಟದ ರೇಟು ಹಾಕುತ್ತಾರೆ. ಮೊದಲು ಹಳ್ಳಿಯ ಸಾದಾ ಊಟ ಕೊಡುತ್ತೇನೆ, ಆಮೇಲೆ ಪಟ್ಟಣದ ಮಸಾಲೆ ಹಾಕುತ್ತೇನೆ ಅನ್ನುತ್ತಾನೆ ಫೀಲ್ಡಿಂಗ್. ಹಾಗೇ ನಡೆದುಕೊಳ್ಳುತ್ತಾನೆ. ಪುಸ್ತಕದಲ್ಲಿ 18 ಭಾಗ: ಆರು ಹಳ್ಳಿಯಲ್ಲಿ, ಆರು ದಾರಿಯಲ್ಲಿ, ಆರು ಲಂಡನ್ನಿನಲ್ಲಿ. ಪ್ರತಿ ಭಾಗದ ಮೊದಲಿಗೂ ಅವನೇ ಬಂದು ಎರಡು ಮಾತು ಆಡಿ ಹೋಗುತ್ತಾನೆ. ಗಲ್ಲಾ ಬಿಟ್ಟು ಎದ್ದು ಬಂದು "ಊಟ ಹೇಗಿದೆ ಸಾರ್?" ಅಂತ ಕೇಳಿದ ಹಾಗೆ.

ಕಥೆ ಸುಮ್ನೆ ಎರಡು ಸಾಲಲ್ಲಿ ಹೇಳುತ್ತೇನೆ. ಆಲ್‌ವರ್ದಿ ಅನ್ನುವ ಒಳ್ಳೇ ಜಮೀನ್ದಾರ ಲಂಡನ್ನಿನಿಂದ ಮನೆಗೆ ಬಂದು ಹಾಸಿಗೆ ನೋಡಿದರೆ ಅಲ್ಲಿ ಒಂದು ಹಸುಗೂಸು ಮಲಗಿದೆ. ಅವನೇ ಟಾಮ್. ಅವನ ಜೊತೆ ಬೆಳೆಯುವವನು ಬ್ಲಿಫಿಲ್, ಜಮೀನ್ದಾರನ ತಂಗಿ ಮಗ. ಎಲ್ಲರ ಎದುರು ಬೆಣ್ಣೆ, ಒಳಗೆ ವಿಷ. ಟಾಮ್ ಒಳ್ಳೇವನು, ಆದರೆ ಹೆಣ್ಣು ಕಂಡರೆ ಜಾರುತ್ತಾನೆ, ಕೈಯಲ್ಲಿ ದುಡ್ಡು ನಿಲ್ಲಲ್ಲ. ಪಕ್ಕದ ಊರಿನ ಸೋಫಿಯಾಳನ್ನು ಪ್ರೀತಿಸುತ್ತಾನೆ. ಅವಳಪ್ಪ ವೆಸ್ಟರ್ನ್ ಬೇಟೆ, ಕುಡಿತ, ಕೂಗಾಟದ ಮನುಷ್ಯ. ಮಗಳು ಓಡಿಹೋದಳು ಅಂತ ಬೆನ್ನಟ್ಟಿ ಹೊರಟವನು ದಾರಿಯಲ್ಲಿ ಬೇಟೆ ನಾಯಿಗಳ ಸದ್ದು ಕೇಳಿ ಮಗಳನ್ನು ಮರೆತು ಆ ಕಡೆ ಹೋಗುತ್ತಾನೆ! ಇಂಥ ಅಪ್ಪಂದಿರನ್ನು ನಾನು ನೋಡಿದ್ದೇನೆ, ನಾಯಿ ಬದಲು ಇಸ್ಪೀಟು ಅಷ್ಟೇ.

ನನಗೆ ತುಂಬಾ ನಾಟಿದ ಜಾಗ ಬ್ಲ್ಯಾಕ್ ಜಾರ್ಜ್‌ದು. ಮನೆಯಿಂದ ಹೊರಗೆ ಹಾಕುವಾಗ ಆಲ್‌ವರ್ದಿ ಟಾಮ್ ಕೈಗೆ 500 ಪೌಂಡ್ ಕೊಟ್ಟಿರುತ್ತಾನೆ. ದುಃಖದ ಭರದಲ್ಲಿ ಟಾಮ್ ಹೊಳೆ ಪಕ್ಕ ಹೊರಳಾಡಿ ಕೈಯಲ್ಲಿದ್ದದ್ದನ್ನೆಲ್ಲ ಎಸೆದುಬಿಡುತ್ತಾನೆ. ಅದು ಜಾರ್ಜ್‌ಗೆ ಸಿಕ್ಕುತ್ತದೆ. ಈ ಜಾರ್ಜ್ ಟಾಮ್ ಸಹಾಯದಿಂದಲೇ ಬದುಕಿದವನು. ಟಾಮ್ ದುಡ್ಡು ಹುಡುಕಲು ವಾಪಸ್ ಬಂದಾಗ ಇವನೂ ಜೊತೆಗೆ ಹುಡುಕುತ್ತಾನೆ, ಜೇಬಿನಲ್ಲಿ ದುಡ್ಡು ಇಟ್ಟುಕೊಂಡೇ, ಟಾಮ್ ಹೋಗದ ಜಾಗದಲ್ಲೂ ಹುಲ್ಲು ಸರಿಸಿ ಸರಿಸಿ.

ಓದಿ ಪುಸ್ತಕ ಮಡಿಚಿಟ್ಟೆ. ಆರು ವರ್ಷದ ಕೆಳಗೆ ಗಲ್ಲಾದಿಂದ ಐದು ಸಾವಿರ ಹೋಗಿತ್ತು. ಆ ದಿನ ಎಲ್ಲರಿಗಿಂತ ಜಾಸ್ತಿ ಹುಡುಕಿದವನು, ಅಕ್ಕಿ ಮೂಟೆ ಎತ್ತಿ ಕೆಳಗೆ ನೋಡಿದವನು, ಗ್ಯಾಸ್ ಸಿಲಿಂಡರ್ ಹಿಂದೆ ಟಾರ್ಚ್ ಬಿಟ್ಟವನು ಯಾರು ಅಂತ ಈಗಲೂ ಕಣ್ಣಿಗೆ ಕಟ್ಟಿದೆ. ಅವನೇ ತೆಗೆದಿದ್ದು. ತಿಂಗಳಾದ ಮೇಲೆ ಗೊತ್ತಾಯಿತು.

ಫೀಲ್ಡಿಂಗ್ ಅಲ್ಲಿಗೇ ಬಿಡಲ್ಲ. ಮುಂದೆ ಸೋಫಿಯಾ ತನ್ನ ಹತ್ತಿರ ಇದ್ದ 16 ಗಿನಿ ಟಾಮ್‌ಗೆ ಕೊಟ್ಟು ಬಾ ಅಂತ ಅದೇ ಜಾರ್ಜ್ ಕೈಯಲ್ಲಿ ಕಳಿಸುತ್ತಾಳೆ. ಇದನ್ನೂ ಇಟ್ಟುಕೊಳ್ಳಲಾ ಅಂತ ಅವನ ತಲೆಯೊಳಗೆ ಒಂದು ಕೋರ್ಟೇ ನಡೆಯುತ್ತದೆ. ಮನಸ್ಸಾಕ್ಷಿ ಒಂದು ಕಡೆ, ಆಸೆ ಇನ್ನೊಂದು ಕಡೆ. 500 ನುಂಗಿದವನಿಗೆ 16 ಯಾವ ಲೆಕ್ಕ ಅಂತ ಆಸೆ ವಾದ ಮಾಡುತ್ತದೆ, ಮನಸ್ಸಾಕ್ಷಿ ಸೋಲುವ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಭಯ ಬರುತ್ತದೆ. ಇದು ಕೊಟ್ಟು ಕಳಿಸಿದ ದುಡ್ಡು, ತಲುಪದಿದ್ದರೆ ಸಿಕ್ಕಿಬೀಳುತ್ತೀಯ. ಭಯ ಗೆಲ್ಲುತ್ತದೆ, ದುಡ್ಡು ಟಾಮ್ ಕೈ ಸೇರುತ್ತದೆ, ನೋಡಿದವರಿಗೆ ಜಾರ್ಜ್ ನಿಯತ್ತಿನ ಮನುಷ್ಯ. ಗಲ್ಲಾ ನಡೆಸುವ ಯಾರನ್ನು ಬೇಕಾದರೂ ಕೇಳಿ, ಇದಕ್ಕಿಂತ ಸರಿಯಾದ ಲೆಕ್ಕ ಸಿಗಲ್ಲ.

ನಗು ಬೇಕಾದವರಿಗೆ ಸ್ಕ್ವೇರ್ ಮೇಷ್ಟ್ರು ಇದ್ದಾರೆ. ಹುಡುಗರಿಗೆ ಇಬ್ಬರು ಮೇಷ್ಟ್ರು: ಥ್ವಾಕಮ್ ಅನ್ನುವವರು ಧರ್ಮ ಅಂತ ಬೆತ್ತ ಬೀಸುವವರು, ಸ್ಕ್ವೇರ್ ಅನ್ನುವವರು ಮಾತೆತ್ತಿದರೆ ತತ್ವ. ಒಂದು ದಿನ ಟಾಮ್, ಮಾಲಿ ಅನ್ನುವ ಹುಡುಗಿಯ ಅಟ್ಟದ ಕೋಣೆಗೆ ಹೋಗಿರುತ್ತಾನೆ. ಮೂಲೆಯಲ್ಲಿ ಬಟ್ಟೆಬರೆ ಮುಚ್ಚಲು ನೇತುಹಾಕಿದ್ದ ಹಳೇ ಕಂಬಳಿ ಜಾರಿ ಬೀಳುತ್ತದೆ. ಅದರ ಹಿಂದೆ ಕುಕ್ಕರಗಾಲಲ್ಲಿ ಕೂತಿರುವವರು ತತ್ವದ ಮೇಷ್ಟ್ರು, ತಲೆಗೆ ಮಾಲಿಯ ಟೋಪಿ. ನಾನು ನಕ್ಕ ರಭಸಕ್ಕೆ ಅಡುಗೆ ಭಟ್ಟರು ಸೌಟು ಹಿಡಿದೇ ಈಚೆ ಬಂದರು.

ನಡುಮಧ್ಯದ ಎರಡು ಭಾಗ ಅಪ್ಟನ್ ಅನ್ನುವ ಊರಿನ ಒಂದು ವಸತಿ ಹೋಟೆಲಿನಲ್ಲಿ ನಡೆಯುತ್ತದೆ. ಹೋಟೆಲಿನವರು ಬೇರೇನೂ ಓದದಿದ್ದರೂ ಇದನ್ನು ಓದಿ. ಆಶ್ವೀಜದಲ್ಲಿ ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ನಮ್ಮೂರಿನ ಲಾಡ್ಜುಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಜನ ಬಂದು ಬೀಳುತ್ತಾರಲ್ಲ, ಹಾಗೆ. ಟಾಮ್ ಒಬ್ಬ ಹೆಂಗಸನ್ನು ಕಾಪಾಡಿ ಕರೆದುಕೊಂಡು ಬರುತ್ತಾನೆ, ಅವಳ ಬಟ್ಟೆ ಅರ್ಧ ಹರಿದಿದೆ. ಒಡತಿ, ನನ್ನ ಹೋಟೆಲಿನ ಮರ್ಯಾದೆ ಹೋಯಿತು ಅಂತ ಪೊರಕೆ ಎತ್ತುತ್ತಾಳೆ. ಗಂಡ, ಕೆಲಸದವಳು, ಟಾಮ್ ಜೊತೆಗಾರ ಪಾರ್ಟ್ರಿಜ್, ಎಲ್ಲರೂ ಬಿದ್ದು ಹೊಡೆದಾಡುತ್ತಾರೆ. ಅಷ್ಟರಲ್ಲಿ ಒಬ್ಬ ಸಾರ್ಜೆಂಟ್ ಬಂದು, ಈಕೆ ನಮ್ಮ ಕ್ಯಾಪ್ಟನ್ ಸಾಹೇಬರ ಹೆಂಡತಿ ಅಂದುಬಿಡುತ್ತಾನೆ. ಒಡತಿ ಪೊರಕೆ ಬಿಟ್ಟು ಮೇಡಂ ಮೇಡಂ ಅಂತ ಶುರು. ಆಮೇಲೆ ಊಟ. ಟಾಮ್ ಮೂರು ಪೌಂಡ್ ದನದ ಮಾಂಸ ಇಳಿಸುತ್ತಾನೆ, ಅಂದರೆ ಒಂದೂಕಾಲು ಕೇಜಿಗಿಂತ ಜಾಸ್ತಿ. ಎದುರು ಕೂತ ಹೆಂಗಸು ಕಣ್ಣಲ್ಲೇ ಬಾಣ ಬಿಡುತ್ತಿದ್ದಾಳೆ, ಇವನಿಗೆ ತಟ್ಟೆ ಬಿಟ್ಟು ಏನೂ ಕಾಣಲ್ಲ. ಹಸಿದವನ ಮುಂದೆ ಪ್ರೀತಿ ಪ್ರೇಮ ನಡೆಯಲ್ಲ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅದೇ ರಾತ್ರಿ ಸೋಫಿಯಾ ಅದೇ ಹೋಟೆಲಿಗೆ ಬರುತ್ತಾಳೆ. ಮುಂದಿನದು ಹೇಳಲ್ಲ.

ಇಷ್ಟೆಲ್ಲ ಜನರನ್ನು ಇವನು ಎಲ್ಲಿ ನೋಡಿದ ಅನ್ನಿಸಿತು. ಮಗಳನ್ನು ಕೇಳಿದೆ, ನಾನೂ ಸ್ವಲ್ಪ ಓದಿದೆ. ಫೀಲ್ಡಿಂಗ್ ಹುಟ್ಟಿದ್ದು 1707ರಲ್ಲಿ, ಸಾಮರ್ಸೆಟ್ ಅನ್ನುವ ಹಳ್ಳಿ ಸೀಮೆಯಲ್ಲಿ. ದೊಡ್ಡ ಮನೆತನ, ಕೈಯಲ್ಲಿ ಕಾಸಿಲ್ಲ. ದೊಡ್ಡವರ ಮಕ್ಕಳ ಈಟನ್ ಶಾಲೆಯಲ್ಲಿ ಓದಿ, ಹಾಲೆಂಡಿನ ಲೈಡನ್‌ಗೆ ಹೋಗಿ, ಓದು ಅರ್ಧಕ್ಕೆ ಬಿಟ್ಟು ಬಂದ. ಹೊಟ್ಟೆಪಾಡಿಗೆ ನಾಟಕ ಬರೆಯಲು ಶುರು ಮಾಡಿದ, ಹತ್ತೇ ವರ್ಷದಲ್ಲಿ ಇಪ್ಪತ್ತಕ್ಕೂ ಜಾಸ್ತಿ. ಅವುಗಳಲ್ಲಿ ಆಗ ಅಧಿಕಾರದಲ್ಲಿದ್ದ ವಾಲ್‌ಪೋಲ್‌ನನ್ನು ಹಾಗೆ ಗೇಲಿ ಮಾಡಿದ್ದಾನೆ ಅಂದರೆ, 1737ರಲ್ಲಿ ಒಂದು ಕಾನೂನೇ ಬಂತು. ಇನ್ನು ಮುಂದೆ ಯಾವ ನಾಟಕ ಆಡಬೇಕಾದರೂ ಮೊದಲು ಅರಮನೆ ಅಧಿಕಾರಿಯ ಒಪ್ಪಿಗೆ ಬೇಕು. ಆ ಒಪ್ಪಿಗೆ ಪದ್ಧತಿ ಬ್ರಿಟನ್ನಿನಲ್ಲಿ 1968ರ ವರೆಗೂ ಇತ್ತು! ಇವನ ಅಂಗಡಿ ಮುಚ್ಚಿತು. ಮೂವತ್ತು ವರ್ಷಕ್ಕೆ ಲಾ ಓದಲು ಕೂತ, 1740ರಲ್ಲಿ ವಕೀಲನಾದ, ಕೇಸು ಜಾಸ್ತಿ ಬರಲಿಲ್ಲ. ನಾಟಕಕ್ಕೆ ಬೀಗ ಬಿದ್ದಿದ್ದಕ್ಕೆ ಕಾದಂಬರಿಗೆ ಬಂದ ಅಂತ ನನ್ನ ಲೆಕ್ಕ. ಲೈಸೆನ್ಸ್ ಹೋದ ಹೋಟೆಲಿನವನು ಮನೆಯಲ್ಲೇ ಪಾರ್ಸೆಲ್ ಶುರು ಮಾಡಿದ ಹಾಗೆ.

ಹೆಂಡತಿ ಷಾರ್ಲಟ್ 1744ರಲ್ಲಿ ತೀರಿಕೊಂಡಳು. ಸೋಫಿಯಾಳ ರೂಪ ವರ್ಣಿಸುವ ಕಡೆ ಅವಳನ್ನು ನೆನೆಸಿಕೊಂಡು ಒಂದು ಸಾಲು ಬರೆದಿದ್ದಾನೆ, ನಗಿಸುತ್ತಾ ಇದ್ದವನು ಅಲ್ಲಿ ಒಂದು ಗಳಿಗೆ ಸುಮ್ಮನಾದ ಹಾಗೆ ಅನ್ನಿಸುತ್ತದೆ. ಮೂರು ವರ್ಷ ಬಿಟ್ಟು ಅವಳ ಸೇವೆಯಲ್ಲಿದ್ದ ಮೇರಿ ಡೇನಿಯಲ್‌ಳನ್ನೇ ಮದುವೆಯಾದ. ಊರೆಲ್ಲ ನಕ್ಕಿತು, ಅವನು ಕೇರ್ ಮಾಡಲಿಲ್ಲ. ಆಮೇಲೆ ಲಂಡನ್ನಿನ ಬೋ ಸ್ಟ್ರೀಟಿನಲ್ಲಿ ಮ್ಯಾಜಿಸ್ಟ್ರೇಟ್ ಆದ. ಆ ಕುರ್ಚಿಯಲ್ಲಿ ಕೂತವರಿಗೆ ಬರುತ್ತಿದ್ದದ್ದು ವರ್ಷಕ್ಕೆ 500 ಪೌಂಡಿನಷ್ಟು, ಭೂಮಿ ಮೇಲಿನ ಅತಿ ಕೊಳಕು ದುಡ್ಡು ಅಂತ ಅವನೇ ಬರೆದಿದ್ದಾನೆ. ಬಡವರ ಹತ್ತಿರ ಕೊನೇ ಕಾಸು ಕಿತ್ತುಕೊಳ್ಳಲ್ಲ ಅಂತ ಕೂತು ಅದನ್ನು 300ರ ಹತ್ತಿರಕ್ಕೆ ಇಳಿಸಿಕೊಂಡ. ಕಳ್ಳರನ್ನು ಹಿಡಿಯಲು ಒಂದು ಚಿಕ್ಕ ಪಡೆ ಕಟ್ಟಿದ, ಲಂಡನ್ನಿನ ಪೊಲೀಸ್ ವ್ಯವಸ್ಥೆಯ ಬೇರು ಅಲ್ಲಿದೆ ಅನ್ನುತ್ತಾರೆ. ಆ ಕುರ್ಚಿಯ ಮುಂದೆ ನಿಂತ ಬ್ಲ್ಯಾಕ್ ಜಾರ್ಜ್‌ಗಳು ಎಷ್ಟು ಜನವೋ!

ಈಗ ದೂರು. ಒಂದು, ಉದ್ದ. ಎಂಟನೇ ಭಾಗದಲ್ಲಿ ಬೆಟ್ಟದ ಮೇಲಿನ ಒಬ್ಬ ಮುದುಕ ತನ್ನ ಜೀವನ ಚರಿತ್ರೆ ಶುರು ಮಾಡುತ್ತಾನೆ. ಮುಗಿಯುವುದೇ ಇಲ್ಲ. ಗಿರಾಕಿ ಕೇಳದ ಐಟಂ ತಂದಿಟ್ಟು ಬಿಲ್ಲಿಗೆ ಸೇರಿಸಿದ ಹಾಗೆ. ನಾನು ಹತ್ತು ಪುಟ ಹಾರಿಸಿದೆ, ಕಥೆಗೆ ಏನೂ ಕೊರತೆಯಾಗಲಿಲ್ಲ. ಇನ್ನೊಂದು ನನ್ನ ಹೆಂಡತಿಯ ದೂರು. ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ಅವಳಿಗೆ ಕಥೆ ಹೇಳುತ್ತಿದ್ದೆ. ಟಾಮ್ ಮೂರನೇ ಹೆಂಗಸಿನ ಹತ್ತಿರ ಹೋದಾಗ, ಲಂಡನ್ನಿನಲ್ಲಿ ಅವಳ ದುಡ್ಡಲ್ಲಿ ಬಟ್ಟೆ ಹೊಲಿಸಿಕೊಂಡಾಗ, ನನ್ನ ಹೆಂಡತಿ, "ಅಲ್ಲಾ ರೀ, ಅವನು ಮಾಡಿದರೆ ಹುಡುಗಾಟ, ಅವಳು ಮಾಡಿದ್ದರೆ ಊರು ಬಿಡಿಸುತ್ತಿದ್ದರು. ಅವನಿಗೆ ಕೊನೆಗೆ ಸೋಫಿಯಾನೂ ಸಿಗುತ್ತಾಳೆ ಅಲ್ವಾ?" ಅಂದಳು. ಸಿಗುತ್ತಾಳೆ. ನನಗೆ ಉತ್ತರ ಇರಲಿಲ್ಲ. ಫೀಲ್ಡಿಂಗ್‌ಗೂ ಇತ್ತು ಅನ್ನಿಸಲ್ಲ.

ಪೂರ್ತಿ ಊಟ ಜಾಸ್ತಿ ಆಯಿತು ಅನ್ನುವವರು 1742ರ ‘ಜೋಸೆಫ್ ಆಂಡ್ರೂಸ್’ ಹಿಡಿಯಿರಿ, ಅದು ಪ್ಲೇಟ್ ಊಟ. ಅದರಲ್ಲಿ ಒಂದು ಜಾಗ ಇದೆ. ಕಳ್ಳರು ಜೋಸೆಫ್‌ನನ್ನು ಹೊಡೆದು, ಬಟ್ಟೆ ಬಿಚ್ಚಿ ಹಳ್ಳಕ್ಕೆ ಎಸೆದಿರುತ್ತಾರೆ. ಒಂದು ಗಾಡಿ ಬರುತ್ತದೆ. ಒಳಗಿದ್ದ ಹೆಂಗಸಿಗೆ ಬೆತ್ತಲೆ ಮನುಷ್ಯ ಅಂತ ನಾಚಿಕೆ. ವಕೀಲನಿಗೆ, ಇವನು ಸತ್ತರೆ ಕೇಸು ನಮ್ಮ ಮೇಲೆ ಬರುತ್ತೆ ಅನ್ನುವ ಹೆದರಿಕೆ, ಆ ಹೆದರಿಕೆಗೇ ಹತ್ತಿಸಿಕೊಳ್ಳೋಣ ಅನ್ನುತ್ತಾನೆ. ಕೋಟು ಎಷ್ಟೊಂದು ಇದ್ದರೂ ರಕ್ತ ಆಗುತ್ತೆ ಅಂತ ಯಾರೂ ಕೊಡಲ್ಲ. ಕೊನೆಗೆ ಕುದುರೆ ಮೇಲಿದ್ದ ಹುಡುಗ ತನ್ನ ಮೈಮೇಲಿನ ಒಂದೇ ಕೋಟು ಬಿಚ್ಚಿ ಕೊಡುತ್ತಾನೆ. ಆ ಹುಡುಗನನ್ನು ಆಮೇಲೆ ಕೋಳಿಗೂಡು ದೋಚಿದ ಅಂತ ಗಡೀಪಾರು ಮಾಡಿದರು ಅಂತ ಫೀಲ್ಡಿಂಗ್ ಒಂದೇ ಉಸಿರಲ್ಲಿ, ಮಧ್ಯದಲ್ಲಿ ತುರುಕಿ ಹೇಳಿಬಿಡುತ್ತಾನೆ. ಹೈವೇಯಲ್ಲಿ ಬೈಕ್ ಬಿದ್ದಾಗ ಮೊಬೈಲ್ ಎತ್ತಿ ವಿಡಿಯೋ ಮಾಡುವವರನ್ನು ನೋಡಿದಾಗಲೆಲ್ಲ ಈಗ ಆ ಗಾಡಿ ನೆನಪಾಗುತ್ತದೆ.

ಇನ್ನೊಂದು ಮರೆತಿದ್ದೆ. ಲಂಡನ್ನಿನಲ್ಲಿ ಪಾರ್ಟ್ರಿಜ್ ‘ಹ್ಯಾಮ್ಲೆಟ್’ ನಾಟಕ ನೋಡಲು ಹೋಗುತ್ತಾನೆ. ದೆವ್ವ ಬಂದಾಗ ಗಡಗಡ ನಡುಗುತ್ತಾನೆ. ಕೊನೆಗೆ ಯಾರು ಚೆನ್ನಾಗಿ ಮಾಡಿದರು ಅಂತ ಕೇಳಿದರೆ, ರಾಜನ ಪಾರ್ಟಿನವನು ಅನ್ನುತ್ತಾನೆ. ಹ್ಯಾಮ್ಲೆಟ್ ಮಾಡಿದವನು ಆ ಕಾಲದ ದೊಡ್ಡ ನಟ ಗ್ಯಾರಿಕ್. ಅವನದೇನು ಮಹಾ, ದೆವ್ವ ಕಂಡರೆ ನಾನೂ ಹಾಗೇ ಹೆದರುತ್ತಿದ್ದೆ, ರಾಜನಾದರೆ ಗಟ್ಟಿಯಾಗಿ ಮಾತಾಡಿದ, ನಟ ಅಂತ ಯಾರಿಗಾದರೂ ಗೊತ್ತಾಗುತ್ತೆ ಅಂತ ಅವನ ವಾದ. ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡಿದ ಮಾರನೇ ದಿನ ಟೀ ಅಂಗಡಿಯಲ್ಲಿ ಕೂತರೆ ಇದೇ ಮಾತು. ಮೈಕ್ ಹರಿಯುವ ಹಾಗೆ ಕೂಗಿದ ದುರ್ಯೋಧನನಿಗೇ ಜೈ.

ಕೊನೆಗೆ ಒಂದು ಮಜಾ ವಿಷಯ. 1754ಕ್ಕೆ ಫೀಲ್ಡಿಂಗ್ ಮೈಯೆಲ್ಲ ಕೆಟ್ಟಿತ್ತು, ಗೌಟು, ಉಬ್ಬಸ, ಹೊಟ್ಟೆಯಲ್ಲಿ ನೀರು. ಬಿಸಿಲಿನ ಊರಿಗೆ ಹೋದರೆ ಸರಿಹೋಗಬಹುದು ಅಂತ ಲಿಸ್ಬನ್‌ಗೆ ಹಡಗು ಹತ್ತಿದ. ನಡೆಯಲೂ ಆಗದೆ ಎತ್ತಿಕೊಂಡು ಹೋಗಬೇಕಾಗಿತ್ತು, ಅದನ್ನು ನೋಡಿ ದೋಣಿಯವರು ನಕ್ಕರು ಅಂತ ಬರೆದಿದ್ದಾನೆ. ಗಾಳಿ ಕೂಡಿಬರದೆ ರೈಡ್ ಅನ್ನುವ ಊರಲ್ಲಿ ನಿಲ್ಲಬೇಕಾಯಿತು. ಅಲ್ಲಿಯ ಹೋಟೆಲಿನ ಒಡತಿ, ಗಿರಾಕಿ ಬರುತ್ತಾರೆ ಅಂತ ಮನೆಯೆಲ್ಲ ನೀರು ಹಾಕಿ ತೊಳೆದಿದ್ದಳು, ಖಾಯಿಲೆ ಮನುಷ್ಯನಿಗೆ ಕೂರಲು ಒಣ ಜಾಗ ಇಲ್ಲ. ಮೇರಿ ಹೋಗಿ ಪಕ್ಕದ ಹುಲ್ಲಿನ ಕಣಜ ಹುಡುಕಿದಳು, ಅಲ್ಲೇ ಊಟ ಮಾಡಿದರು, ಅಷ್ಟು ಖುಷಿಯ ಊಟ ದೊಡ್ಡವರ ಕ್ಲಬ್ಬಿನಲ್ಲೂ ಸಿಗಲ್ಲ ಅನ್ನುತ್ತಾನೆ. ಆಮೇಲೆ ಬಿಲ್ಲು ಬಂತು. ಆ ಬಿಲ್ಲನ್ನು ಐಟಂ ಐಟಂ ಆಗಿ, ಒಡತಿಯ ಹೆಸರು ಸಮೇತ ಪ್ರಯಾಣದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಅಕ್ಟೋಬರ್ 8ಕ್ಕೆ ಲಿಸ್ಬನ್ನಿನಲ್ಲಿ ತೀರಿಕೊಂಡ, 47 ವರ್ಷ. ಪುಸ್ತಕ ಮರುವರ್ಷ ಬಂತು. ಹೋಟೆಲ್ ಬೋರ್ಡಿನಿಂದ ಹೆಸರಾಂತ ಕಾದಂಬರಿ ಶುರು ಮಾಡಿದವನು ಕೊನೆಗೆ ಬರೆದದ್ದರಲ್ಲಿ ಒಂದು ಹೋಟೆಲ್ ರಿವ್ಯೂ ಇದೆ, ಅದೂ ಒಂದು ಸ್ಟಾರ್‌ದು.

ಗಿರಾಕಿಯಾಗಿ ಓದಿದಾಗ ನಗು ಬಂತು. ನೆಲ ಒರೆಸಿಟ್ಟು ಬೈಸಿಕೊಂಡ ಆ ಒಡತಿಯನ್ನು ನೆನೆಸಿಕೊಂಡರೆ ಸ್ವಲ್ಪ ಪಾಪ ಅನ್ನಿಸುತ್ತದೆ. ಬಿಲ್ ಜಾಸ್ತಿ ಹಾಕಿದ್ದು ತಪ್ಪೇ ಅನ್ನಿ.

ಪುಸ್ತಕಕ್ಕೆ ನಾಲ್ಕೂವರೆ ಸ್ಟಾರ್, ಅರ್ಧ ಬೆಟ್ಟದ ಮುದುಕನಿಗೆ ಕಟ್. ನನಗೆ ಎರಡು ಸ್ಟಾರ್ ಕೊಟ್ಟವರಿಗೆ ಕೆಳಗೆ ಉತ್ತರ ಹಾಕಿದ್ದೇನೆ: ಸಾರ್, ಪುಸ್ತಕ ಮುಗಿಯಿತು, ಬುಧವಾರ ಹುರುಳಿಕಾಳು ಬಸ್ಸಾರು ಇರುತ್ತದೆ, ಒಂದೇ ಸಲ ಕೂಗಿದರೆ ಸಾಕು.